ಹಳೆಯ ಕಾರಿನ ಅಸಲಿತನ: ಬದಲಾದ ಭಾಗಗಳ ದಾಖಲೆ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳು ಹರಾಜಾದಾಗಲೆಲ್ಲ ಅವುಗಳ ಬೆಲೆಯಷ್ಟೇ ಸುದ್ದಿಯಾಗುತ್ತದೆ. ಕಾರು ಅಸಲಿಯೇ ಎಂಬುದನ್ನು ಯಾರು, ಹೇಗೆ ತೀರ್ಮಾನಿಸಿದರು ಎಂಬ ವಿಚಾರ ಬೆಳಕಿಗೆ ಬರುವುದು ಅಪರೂಪ. 2018ರಲ್ಲಿ ಅಮೆರಿಕದ ಮಾಂಟೆರಿಯಲ್ಲಿ ಫೆರಾರಿ 250 ಜಿಟಿಒ ಒಂದು 4.84 ಕೋಟಿ ಡಾಲರ್‌ಗೆ ಮಾರಾಟವಾಯಿತು. 1962ರಿಂದ 1964ರವರೆಗೆ ತಯಾರಾದ ಈ ಮಾದರಿಯ ಕಾರುಗಳು ಕೇವಲ 36. ಅದೇ ಕಾಲದ ಸಾಧಾರಣ ಫೆರಾರಿಯೊಂದರ ಚಾಸಿಯ (ತಳದ ಚೌಕಟ್ಟಿನ) ಮೇಲೆ ಜಿಟಿಒ ಮಾದರಿಯ ಅಲ್ಯೂಮಿನಿಯಂ ಬಾಡಿಯನ್ನು ಕೈಯಲ್ಲೇ ಬಡಿದು ಕೂರಿಸಬಲ್ಲ ನುರಿತ ಕಸುಬುದಾರರು ಇರುವಾಗ, ಬರೀ ಕಣ್ಣಳತೆಯಿಂದ ಅಸಲಿ ನಕಲಿಗಳನ್ನು ಬೇರ್ಪಡಿಸಲಾಗದು.

ಈ ಜಟಿಲತೆಯನ್ನು ತಾಳ್ಮೆಯಿಂದ ಬಿಡಿಸಿದ್ದು 1990ರ ಬೆಂಟ್ಲಿ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಕಾರು ಓಟ ಗೆದ್ದ 'ಓಲ್ಡ್ ನಂಬರ್ ಒನ್' ಕಾರನ್ನು ಸುಮಾರು ಒಂದು ಕೋಟಿ ಪೌಂಡ್‌ಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿದಿತ್ತು. ಆಕ್ಷೇಪ ಪೊಳ್ಳೇನೂ ಆಗಿರಲಿಲ್ಲ. ಕಾರಿಗೆ ಮೂಲದ ಎಂಜಿನ್ ಬದಲು 8 ಲೀಟರ್ ಎಂಜಿನ್ ಬಂದಿತ್ತು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್ಫೀ ಸತ್ತ ಮೇಲೆ ಅದನ್ನು ಮತ್ತೆ ಕಟ್ಟಲಾಗಿತ್ತು. 1930ರ ಕಾರಿನದೆಂದು ಹೇಳಬಹುದಾಗಿದ್ದುದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ ಮತ್ತು ಸ್ಟಿಯರಿಂಗ್ ಕಾಲಂ ಮಾತ್ರ! ಆದರೂ ಭಾಗಗಳು ಒಂದೊಂದಾಗಿ ಬದಲಾಗುತ್ತ ಬಂದಿದ್ದರೂ ಕಾರಿನ ಚರಿತ್ರೆ ಎಲ್ಲಿಯೂ ಕಡಿದಿಲ್ಲ, ಆ ಹೆಸರಿಗೆ ಹಕ್ಕು ಹೇಳಬಲ್ಲ ಮತ್ತೊಂದು ಕಾರೂ ಇಲ್ಲ ಎಂಬ ಕಾರಣದಿಂದ ನ್ಯಾಯಮೂರ್ತಿ ಆಟನ್ ಅವರು ಅದೇ ಕಾರು ಎಂದು ತೀರ್ಪಿತ್ತರು. ನನಗೆ ಈ ತೀರ್ಪು ಸರಿಯೆನಿಸುತ್ತದೆ. ಓಟದ ಕಾರು ಓಡಿದಷ್ಟೂ ಸವೆಯುತ್ತದೆ, ಸವೆದದ್ದನ್ನು ಬದಲಿಸಲೇಬೇಕು.

ಪ್ರತಿಕೃತಿ ಕಟ್ಟುವುದರಲ್ಲಿಯೂ ನನಗೆ ತಪ್ಪು ಕಾಣುವುದಿಲ್ಲ, ಪ್ರತಿಕೃತಿಯೆಂದು ಹೇಳಿ ಮಾರುವ ತನಕ. ತಕರಾರು ಇರುವುದು ಹಳೆಯ ಚಾಸಿಯ ನಂಬರನ್ನು ಉಜ್ಜಿ ಅಳಿಸಿ, ಹೆಸರಾಂತ ಕಾರಿನ ನಂಬರನ್ನು ಹೊಡೆಯುವವರ ಬಗ್ಗೆ. ಹೀಗೆ ಉಜ್ಜಿದ ಜಾಗಕ್ಕೆ ಆಮ್ಲ ಸವರಿದರೆ ಲೋಹದೊಳಗೆ ಅದುಮಿಕೊಂಡಿದ್ದ ಹಳೆಯ ಅಂಕಿಗಳು ಎಷ್ಟೋ ಸಲ ಮಸುಕಾಗಿ ಮೂಡುತ್ತವೆ. ಅಂಕಿಗಳ ಆಕಾರವೂ ಸಾಲಿನ ಅಂತರವೂ ಕಾರ್ಖಾನೆಯ ಅಚ್ಚಿಗೆ ಹೊಂದದೆ ಸಿಕ್ಕಿಬಿದ್ದವರೂ ಇದ್ದಾರೆ.

ಹಾಗೆಂದು ಅಸಲಿತನದ ಕೊನೆಯ ಮಾತನ್ನು ತಯಾರಕರಿಗೇ ಬಿಟ್ಟುಕೊಡುವುದೂ ಸಲ್ಲದು. 1957ರ ಬೆಂಕಿಯಲ್ಲಿ ಸುಟ್ಟುಹೋದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳ ಬದಲಿಗೆ ಜಾಗ್ವಾರ್ ಕಂಪನಿ 2016ರಲ್ಲಿ ಹೊಸದಾಗಿ ಒಂಬತ್ತನ್ನು ಕಟ್ಟುವುದಾಗಿ ಪ್ರಕಟಿಸಿತು. ಅದಕ್ಕೂ ಮೊದಲು, 1960ರ ದಶಕದಲ್ಲಿ ಗೊತ್ತುಮಾಡಿ ಬಳಸದೆ ಉಳಿದಿದ್ದ ಆರು ಚಾಸಿ ಸಂಖ್ಯೆಗಳನ್ನು ಹೊಸ 'ಲೈಟ್‌ವೇಟ್ ಇ-ಟೈಪ್' ಕಾರುಗಳಿಗೆ ಕೊಟ್ಟಿತ್ತು. ಖಾಸಗಿ ಗ್ಯಾರೇಜಿನವನು ಹೀಗೇ ಮಾಡಿದ್ದರೆ ಅದಕ್ಕೆ ನಕಲು ಎನ್ನುತ್ತಿದ್ದರು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಏಳಲಿದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ, ಗಣನೀಯ ಮಾರ್ಪಾಡಿಗೆ ಒಳಗಾಗದ ವಾಹನಗಳಿಗೆ 20,000 ರೂಪಾಯಿ ಶುಲ್ಕಕ್ಕೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ದೊರೆಯುತ್ತದೆ. ಈ ಅಳತೆಗೋಲಿನಲ್ಲಿ ಅಳೆದರೆ 'ಓಲ್ಡ್ ನಂಬರ್ ಒನ್' ಕೂಡ ತೇರ್ಗಡೆಯಾಗುವುದು ಕಷ್ಟ. ಮಾರ್ಪಾಡು ಆಗಿದೆಯೋ ಇಲ್ಲವೋ ಎಂದು ಕೇಳಿ ಸುಮ್ಮನಾಗುವ ಬದಲು, ಚಾಸಿ, ಎಂಜಿನ್ ಮತ್ತು ಬಾಡಿಗಳಲ್ಲಿ ಯಾವುದು ಯಾವಾಗ ಬದಲಾಯಿತು ಎಂಬ ವಿವರವನ್ನು ಮಾಲೀಕರಿಂದ ಬರೆಸಿಕೊಂಡು, ನಂಬರ್ ಹೊಡೆದಿರುವ ಜಾಗದ ಛಾಯಾಚಿತ್ರದೊಂದಿಗೆ ಅದನ್ನು ನೋಂದಣಿ ಪತ್ರಕ್ಕೆ ಲಗತ್ತಿಸುವಂತೆ ಸಾರಿಗೆ ಇಲಾಖೆ ಏರ್ಪಾಡು ಮಾಡಬೇಕು. ಪ್ರತಿಕೃತಿಗಳಿಗೆ ಆ ಹೆಸರಿನಲ್ಲಿಯೇ ಪ್ರತ್ಯೇಕ ವರ್ಗವೊಂದನ್ನು ತೆರೆದರೆ, ಅವುಗಳ ಮಾಲೀಕರು ಸುಳ್ಳು ಹೇಳಬೇಕಾದ ಪ್ರಮೇಯವೂ ಕಡಿಮೆಯಾದೀತು.

ಹಳೆಯ ವಾಹನಗಳ ಆಸಕ್ತ, ಮೈಸೂರು