ರೂಟರ್ ಬದಲಿಸುವ ಮೊದಲು ಅಡಾಪ್ಟರ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಒಂದೇ ಗೋಳು, ವೈಫೈ ಬರ್ತಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ ಫೋನ್ ಮಾಡಿದರೆ ಉತ್ತರವೂ ಹೆಚ್ಚುಕಮ್ಮಿ ಒಂದೇ: ‘ರೂಟರ್ ಹೋಗಿದೆ, ಹೊಸದು ಹಾಕಿಸಿ.’ ಬಂದು ನೋಡದೆ, ಏನೂ ಪರೀಕ್ಷೆ ಮಾಡದೆ ಹೀಗೆ ಹೇಳುವುದು ನಿಲ್ಲಬೇಕು. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ಹಳ್ಳಿಯಲ್ಲೂ ಈಗ ಜಾಸ್ತಿ ಆಗಿದ್ದಾರೆ. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯ ಮನೆಗಳಲ್ಲಿ ಮಾಮೂಲಿ ಫೋನ್ ಕರೆಗೂ ವೈಫೈಯೇ ದಿಕ್ಕು. ಅಂಥ ಮನೆಯವರು ಬೇಕಿಲ್ಲದ ಖರ್ಚು ಮಾಡಿ, ಆಮೇಲೂ ವೈಫೈ ಇಲ್ಲದೆ ಕೂರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಆಗಿದ್ದು ಕೇಳಿ. ಸಂಜೆಯಾದರೆ ಸಾಕು, ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿ, ಅರೆಕ್ಷಣ ಬಿಟ್ಟು ಮತ್ತೆ ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಮನೆಯವರೆಲ್ಲ ಫೋನ್ ಹಿಡಿದು ಕೂತ ಹೊತ್ತಿಗೇ ಇದು ಜಾಸ್ತಿ. ಕಂಪನಿಯ ಕಡೆಯವರು ಫೋನಿನಲ್ಲೇ ರೂಟರ್ ಹೋಗಿದೆ ಅಂತ ತೀರ್ಮಾನ ಕೊಟ್ಟರು. ಊರಿನ ಎಲೆಕ್ಟ್ರಿಷಿಯನ್ ಬಂದು, ರೂಟರಿಗೆ ಕರೆಂಟ್ ಕೊಡುವ ಅಡಾಪ್ಟರಿಗೆ ಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸಿತು. ಅಲ್ಲಿಗೆ ಬಿಡದೆ ಅವರು ಟಿವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತಿರುಗಿಸಿ ಅದರ ಮೇಲಿನ ಅಕ್ಷರ ಓದಿದರು. ಅದೂ 12 ವೋಲ್ಟಿನದೇ, ಪಿನ್ ಕೂಡ ಅದೇ ಅಳತೆ. ತಂದು ಸಿಕ್ಕಿಸಿದರು ನೋಡಿ, ಆ ಸಂಜೆ ರೂಟರ್ ಒಂದು ಸಲವೂ ಆರಲಿಲ್ಲ.

ಇದರ ಕಾರಣ ಸರಳ. ಅಡಾಪ್ಟರ್ ಒಳಗೆ ಕೆಪಾಸಿಟರ್ ಅನ್ನುವ ಸಣ್ಣ ಭಾಗ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತಾ ಬರುತ್ತದೆ. ಲೋಡ್ ಇಲ್ಲದಾಗ, ಅಂದರೆ ರೂಟರಿಗೆ ಸಿಕ್ಕಿಸದೆ ಬರೀ ಅಡಾಪ್ಟರ್ ಅಳೆದಾಗ, ವೋಲ್ಟೇಜ್ ಸರಿಯಾಗೇ ತೋರಿಸುತ್ತದೆ, ನಾಲ್ಕು ಜನ ವಿಡಿಯೋ ಹಾಕಿಕೊಂಡು ರೂಟರ್ ಹೆಚ್ಚು ಕರೆಂಟ್ ಎಳೆದಾಗ ಕುಸಿಯುತ್ತದೆ, ಆಗ ರೂಟರ್ ತಾನಾಗೇ ಆರಿ ಮತ್ತೆ ಶುರುವಾಗುತ್ತದೆ. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಗುರುತೂ ಒಂದೇ ಇರಬೇಕು. ಇವಿಷ್ಟು ನೋಡಿಕೊಂಡರೆ ರೂಟರಿನ ಬೆಲೆಯ ಒಂದು ಪಾಲಿನಲ್ಲೇ ಕೆಲಸ ಮುಗಿಯುತ್ತದೆ.

ಇನ್ನು ಕೆಂಪು ದೀಪದ ವಿಷಯ. ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ತರುವ ಕೇಬಲ್, ಇರುವವರ ಮನೆಯ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ನಮ್ಮ ಕಡೆ ಕಂಬದಿಂದ ಕಂಬಕ್ಕೆ, ಮರದ ನಡುವೆ ಎಳೆದ ಕೇಬಲ್; ಗಾಳಿಗೆ ಕೊಂಬೆ ಬೀಳುತ್ತದೆ, ಮಂಗಗಳು ಜೋತಾಡುತ್ತವೆ. ಕೆಲವೊಮ್ಮೆ ಮನೆಯೊಳಗೇ ಕಪಾಟು ಸರಿಸುವಾಗ ಆ ಸಣ್ಣ ಹಳದಿ ವೈರ್ ಮಡಚಿಹೋಗಿರುತ್ತದೆ. ಒಳಗೆ ಗಾಜಿನ ಎಳೆ ಅಲ್ವಾ, ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಹೊಸ ರೂಟರ್ ತಂದಿಟ್ಟರೂ ಅದರಲ್ಲೂ ಅದೇ ಕೆಂಪು ದೀಪ. ಟೆಕ್ನಿಷಿಯನ್ ಹತ್ತಿರ ಬೆಳಕು ಅಳೆಯುವ ಪವರ್ ಮೀಟರ್ ಇರುತ್ತದೆ. ಅದನ್ನು ಹಿಡಿದು ರೀಡಿಂಗ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ವೈಫೈ ನಿಧಾನ ಅನ್ನುವವರು ಮೊದಲು ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಲಿ. ಕೇಬಲಿನಲ್ಲಿ ಚೆನ್ನಾಗಿ ಬಂದರೆ ಲೈನ್ ಸರಿ ಇದೆ, ಹೆಚ್ಚಾಗಿ ರೂಟರ್ ಇಟ್ಟ ಜಾಗ ಸರಿ ಇರುವುದಿಲ್ಲ. ನಮ್ಮ ಹಳೇ ಮನೆಗಳ ದಪ್ಪ ಗೋಡೆಗಳನ್ನು ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ ದಾಟುವುದು ಕಷ್ಟ, 2.4 ಗಿಗಾಹರ್ಟ್ಸ್ ಸಿಗ್ನಲ್ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ.

ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು. ರೂಟರಿನ ಹಿಂಭಾಗದ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಸ್ವಿಚ್ ಆರಿಸಿ ಹಾಕುವುದೇ ಬೇರೆ, ಇದೇ ಬೇರೆ. ಎಷ್ಟೋ ಸಂಪರ್ಕಗಳಲ್ಲಿ ರೂಟರ್ ಒಳಗೆ ಕಂಪನಿಯ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿರುತ್ತಾರೆ. ಪಿನ್ ಚುಚ್ಚಿದರೆ ಅದೆಲ್ಲ ಅಳಿಸಿಹೋಗುತ್ತದೆ. ಆ ವಿವರ ಎಷ್ಟೋ ಗ್ರಾಹಕರ ಕೈಯಲ್ಲಿ ಇರುವುದೇ ಇಲ್ಲ, ಹಾಗಾಗಿ ಟೆಕ್ನಿಷಿಯನ್ ಬರುವ ತನಕ ಇದ್ದಬದ್ದ ಇಂಟರ್ನೆಟ್ಟೂ ಬಂದ್. ದುಡ್ಡು ಕೊಡುವವರಿಗೆ ಅವರದೇ ಸಂಪರ್ಕದ ವಿವರ ಬರೆದು ಕೊಡಲು ಕಂಪನಿಗಳಿಗೆ ಏನು ಅಡ್ಡಿ?

ರೂಟರ್ ನಿಜವಾಗಿ ಹೋಗುವುದೂ ಉಂಟು. ಸಿಡಿಲು ಬಡಿದ ಮೇಲೆ ಸುಟ್ಟ ವಾಸನೆ ಬಂದರೆ, ಚೆನ್ನಾಗಿರುವ ಅಡಾಪ್ಟರ್ ಹಾಕಿದರೂ ಒಂದು ದೀಪವೂ ಹತ್ತದಿದ್ದರೆ ಬದಲಿಸಲೇಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವುದು ಒಳ್ಳೆಯದು, ಫೈಬರಿನ ಗಾಜು ಕರೆಂಟ್ ಹರಿಸದಿದ್ದರೂ ಮನೆಯ ವಿದ್ಯುತ್ ಲೈನ್ ಹರಿಸುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ಕಂಪನಿಯನ್ನು ಕೇಳಿ. ಫೈಬರ್ ನೇರವಾಗಿ ಬಂದು ಸೇರುವ ಡಬ್ಬಿಯ ಸೀರಿಯಲ್ ನಂಬರ್ ಅವರ ಕಡೆ ನೋಂದಣಿ ಆಗಿರಬೇಕು, ಸುಮ್ನೆ ತಂದು ಸಿಕ್ಕಿಸಿದರೆ ನಡೆಯುವುದಿಲ್ಲ. ಹಳೇ ಟೆಲಿಫೋನ್ ಲೈನಿನ ಮೋಡೆಮನ್ನು ಫೈಬರಿಗೆ ಅಂತ ಮಾರಿದ್ದನ್ನೂ ನಾನು ನೋಡಿದ್ದೇನೆ. ಡಬ್ಬಿ ಕಂಪನಿಯದೇ ಆಗಿದ್ದು ನೀವು ಡಿಪಾಸಿಟ್ ಇಟ್ಟಿದ್ದರೆ, ಬದಲಿಸಿಕೊಡುವ ಹೊಣೆ ಯಾರದು ಅಂತ ಕರಾರಿನಲ್ಲಿ ಓದಿ, ಆಮೇಲೆ ಮಾತಾಡಿ.

ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ, ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮದಲ್ಲಿ ಅವಕಾಶ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಕಂಪನಿಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಗೆ ಕಳಿಸುವ ಟೆಕ್ನಿಷಿಯನ್ ಚೀಲದಲ್ಲಿ ಒಂದು ಒಳ್ಳೆಯ ಅಡಾಪ್ಟರ್ ಮತ್ತು ಪವರ್ ಮೀಟರ್ ಇರಲಿ, ಎರಡನ್ನೂ ಹಾಕಿ ನೋಡದೆ ರೂಟರ್ ಹೋಗಿದೆ ಅಂತ ಬರೆಯುವುದು ಬೇಡ. ತಾಲ್ಲೂಕು ಕೇಂದ್ರದ ಕಚೇರಿಯಲ್ಲಿ ಬಿಡಿ ಅಡಾಪ್ಟರ್ ಮಾರಾಟಕ್ಕೆ ಸಿಗಲಿ.

— ನಿಮ್ಮ ಓದುಗ, ತೀರ್ಥಹಳ್ಳಿ ತಾಲ್ಲೂಕು