ಪಟ್ಟಿಗೇ ಬರದ ಹೆಸರುಗಳು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನಮ್ಮ ವಾದ ಅರ್ಧಕ್ಕೇ ನಿಂತಿತು. ‘ಕೊಡೋಕೆ ಕಿಡ್ನಿ ಒಂದೇ ಇದ್ದಾಗ ಮಕ್ಕಳೊಂದಿಗರಿಗೆ, ದುಡಿಯುವವರಿಗೆ ಮೊದಲು ಕೊಡಬೇಕಪ್ಪ’ ಅಂದೆಯಲ್ಲ, ಹಾಗೆ ಆರಿಸಿ ನೋಡಿದವರಿದ್ದಾರೆ ಕಣೇ.

1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಕೆಟ್ಟ ಕಿಡ್ನಿಯ ಬದಲು ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರಗಳು ಬೆರಳೆಣಿಕೆಯಷ್ಟು. ಯಾರಿಗೆ ಕೊಡುವುದೆಂದು ಹೇಳಲು ಏಳು ಜನರ ಸಮಿತಿ: ವಕೀಲ, ಪಾದ್ರಿ, ಬ್ಯಾಂಕಿನವ, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಸರ್ಜನ್. ರೋಗಿ ವಾಷಿಂಗ್ಟನ್ ರಾಜ್ಯದವನೇ ಆಗಿರಬೇಕಿತ್ತು. ಮದುವೆ, ಮಕ್ಕಳು, ಸಂಬಳ, ಓದು, ಕೊನೆಗೆ ಚರ್ಚಿಗೆ ಹೋಗುವುದನ್ನೂ ತೂಗಿದರು. 1962ರಲ್ಲಿ ವಿಷಯ ಪತ್ರಿಕೆಗೆ ಬಂತು. ಈ ಸಮಿತಿ ತಮ್ಮಂಥವರನ್ನೇ ಬದುಕಿಸುತ್ತದೆ ಎಂಬ ಟೀಕೆಯೂ ಬಂತು. 1972ರ ಕಾನೂನಿನಿಂದ ಖರ್ಚು ಸರ್ಕಾರದ ಮೇಲೆ ಬಿದ್ದು ಡಯಾಲಿಸಿಸ್‌ನ ಆ ಕಷ್ಟ ಬಗೆಹರಿಯಿತು. ದುಡ್ಡಿದ್ದರೆ ಯಂತ್ರ ಇನ್ನೊಂದು ಕೊಳ್ಳಬಹುದು. ಕಿಡ್ನಿ ಹಾಗಲ್ಲ.

ನಮ್ಮಲ್ಲಿ ಮೆದುಳು ನಿಷ್ಕ್ರಿಯವಾದವರ ಕಿಡ್ನಿ ಯಾರಿಗೆ ಹೋಗಬೇಕೆಂಬುದಕ್ಕೆ ಅಂಕಗಳಿವೆ. ರಕ್ತದ ಗುಂಪು ಹೊಂದಬೇಕು, ಆಮೇಲೆ ಡಯಾಲಿಸಿಸ್‌ನಲ್ಲಿ ಕಳೆದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ಡಯಾಲಿಸಿಸ್‌ಗಾಗಿ ಕೈಯಲ್ಲಿ ಮಾಡುವ ರಕ್ತನಾಳದ ಜೋಡಣೆ (ಫಿಸ್ಟುಲಾ) ಕೆಟ್ಟವರಿಗೆ, ಚಿಕ್ಕ ಮಕ್ಕಳಿಗೆ, ಹಿಂದೆ ತಮ್ಮದೇ ಕಿಡ್ನಿ ಕೊಟ್ಟು ಈಗ ಕಾಯಿಲೆ ಬಿದ್ದವರಿಗೆ ಹೆಚ್ಚಿನ ಅಂಕ. ‘ಒಳ್ಳೆಯವರೋ’ ಎಂಬ ಪ್ರಶ್ನೆ ಅಲ್ಲಿಲ್ಲ, ನನಗೆ ಸಮಾಧಾನ ಕೊಡುವುದು ಅದೇ. 2023ರಲ್ಲಿ, ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಲು ಆ ರಾಜ್ಯದವರೇ ಆಗಿರಬೇಕೆಂಬ ಷರತ್ತನ್ನೂ ಕೇಂದ್ರ ಕೈಬಿಟ್ಟಿತು.

ಅಂಕ ಕೊಡುವ ರೀತಿಯ ಬಗ್ಗೆ ನನಗೆ ಜಗಳವಿಲ್ಲ. ಆ ಪಟ್ಟಿಗೆ ಯಾರು ಬಂದರು ಎನ್ನುವುದೇ ಜಗಳ. ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಗಂಡನಿಗೆ ಕಿಡ್ನಿ ಕೊಡುತ್ತೇನೆ ಅನ್ನುವ ಹೆಂಡತಿಯರನ್ನು ನೋಡುತ್ತಿರುತ್ತೇನೆ. ಹೆಂಡತಿಗೆ ಕೊಡುತ್ತೇನೆ ಅಂದ ಗಂಡಂದಿರು ಅಪರೂಪ. ದೇಶದಲ್ಲೂ ಬದುಕಿರುವಾಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರು. ಹೆಂಗಸು ಕಾಯಿಲೆ ಬಿದ್ದರೆ ‘ಮನೆ ನೋಡೋರ್ಯಾರು, ಬೆಂಗಳೂರಿಗೆ ಕರಕೊಂಡು ಹೋಗೋರ್ಯಾರು’ ಅಂತ ಎಷ್ಟೋ ಮನೆಗಳಲ್ಲಿ ಹೆಸರು ಬರೆಸುವುದೇ ಇಲ್ಲ. 2025ರ ಆಗಸ್ಟಿನಲ್ಲಿ ಕೇಂದ್ರದ ಅಂಗಾಂಗ ಕಸಿ ಸಂಸ್ಥೆ, ಪಟ್ಟಿಯಲ್ಲಿರುವ ಮಹಿಳೆಯರಿಗೆ ಆದ್ಯತೆ ಕೊಡಿ ಎಂದು ಸಲಹೆ ಕಳಿಸಿದೆ. ಸರಿಯೇ. ಆದರೆ ಹೆಸರೇ ಬರೆಸದವಳಿಗೆ ಆದ್ಯತೆ ಎಲ್ಲಿಂದ ಸಿಗಬೇಕು?

ಮುಂದಿನ ಪೋಸ್ಟಿಂಗ್ ನೆಫ್ರಾಲಜಿಯಲ್ಲಿ, ಅಂದರೆ ಕಿಡ್ನಿ ವಿಭಾಗದಲ್ಲಿ, ಅಂದೆಯಲ್ಲ. ಅಲ್ಲಿ ಡಯಾಲಿಸಿಸ್‌ಗೆ ಬರುವ ಹೆಂಗಸರಿಗೆ ‘ಜೀವಸಾರ್ಥಕತೆಯಲ್ಲಿ (ಕರ್ನಾಟಕದ ಅಂಗಾಂಗ ಕಸಿ ಸಂಸ್ಥೆ) ಹೆಸರು ಬರೆಸಿದ್ದೀರಾ’ ಅಂತ ಯಾರಾದರೂ ಕೇಳಿದ್ದಾರಾ ನೋಡು. ಕೇಳಿರದಿದ್ದರೆ ನೀನೇ ಕೇಳು, ಗಂಡ ಹೊರಗೆ ಟೀಗೆ ಹೋಗಿದ್ದಾಗ.

ನಿನ್ನ ಅಮ್ಮ