ಅಪಾಯ ಜಾಸ್ತಿ ಇರುವ ಅಳಿವೆಯ ಆಳ ಮೊದಲು ಅಳೆಯಲಿ

ಮಾನ್ಯರೇ,

ಕರಾವಳಿಯಲ್ಲಿ ನದಿ ಕಡಲು ಸೇರುವ ಅಳಿವೆಗಳಲ್ಲಿ ಮೀನುಗಾರಿಕೆ ಬೋಟ್‌ಗಳು ಮರಳು ದಿಬ್ಬಕ್ಕೆ ತಾಗಿ ಮಗುಚುವ ಸುದ್ದಿ ಆಗಾಗ ಬರುತ್ತಲೇ ಇದೆ. ನೀರಿನ ಆಳ ಅಳೆಯುವ ಸರ್ವೆ ಎಲ್ಲಿ ಮೊದಲು ಆಗಬೇಕು ಎಂಬುದನ್ನು ಅಪಾಯದ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಜಾಗವನ್ನೇ ನೋಡಿ. ಮಳೆಗಾಲದ ನೆರೆ, ಅಲೆಗಳ ಹೊಡೆತಕ್ಕೆ ಅಲ್ಲಿನ ಮರಳು ಜಾಗ ಬದಲಿಸುತ್ತದೆ. ಮೇ ತಿಂಗಳಲ್ಲಿ ಬೋಟ್ ಸಲೀಸಾಗಿ ದಾಟಿದ ದಾರಿಯಲ್ಲೇ, ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಮತ್ತೆ ಹೊರಟಾಗ ದಿಬ್ಬ ಎದ್ದಿರಬಹುದು. ಮೇಲಿನಿಂದ ನೋಡಿದರೆ ಬರೀ ಕೆಂಪು ನೀರು, ದಿಬ್ಬ ಕಾಣದು. ತಾಂಡೇಲರು ಅನುಭವದ ಮೇಲೆ, ಅಂದಾಜಿನಲ್ಲಿ ಬೋಟ್ ನಡೆಸುತ್ತಾರೆ. ಜೀವದ ಪ್ರಶ್ನೆ ಅಲ್ವಾ ಇದು?

ಎಲ್ಲ ಕಡೆ ಒಟ್ಟಿಗೆ ಅಳೆಯುವಷ್ಟು ಹಡಗು, ಹಣ ಯಾವ ದೇಶದಲ್ಲೂ ಇರುವುದಿಲ್ಲ. ಅದಕ್ಕೇ ನ್ಯೂಜಿಲೆಂಡ್ ನೆರವಿನಲ್ಲಿ ಪೆಸಿಫಿಕ್ ಸಾಗರದ ವನುವಾಟು, ಟೊಂಗಾ ದ್ವೀಪಗಳಲ್ಲಿ ಮೊದಲು ಅಪಾಯದ ನಕ್ಷೆ ಮಾಡಿದರು. ಹಡಗುಗಳ ಓಡಾಟ ಎಲ್ಲಿ ಜಾಸ್ತಿ, ಹಳೆಯ ಸರ್ವೆಯನ್ನು ಎಷ್ಟು ನಂಬಬಹುದು, ಅವಘಡವಾದರೆ ಜನರಿಗೂ ಹವಳದ ದಿಬ್ಬಗಳಿಗೂ ಏನಾದೀತು ಎಂದೆಲ್ಲ ನೋಡಿದರು.

ನಮ್ಮ ಬಂದರು ಮತ್ತು ಮೀನುಗಾರಿಕೆ ಇಲಾಖೆಗಳು ಇದೇ ಕ್ರಮವನ್ನು ಅಳಿವೆಗಳಿಗೆ ತರಲಿ. ಬೋಟ್‌ಗಳ ಸಂಖ್ಯೆ, ಹಿಂದಿನ ಅವಘಡಗಳು, ಮೀನುಗಾರರ ಮಾತು ಮೂರನ್ನೂ ಲೆಕ್ಕಕ್ಕೆ ಹಿಡಿಯಲಿ. ಇದಕ್ಕೆ ದೊಡ್ಡ ಹಡಗೇ ಬೇಕಿಲ್ಲ. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ಇರುವ ಸಣ್ಣ ದೋಣಿಯಿಂದಲೂ ಕೆಲಸ ನಡೆಯುತ್ತದೆ. ಪ್ರತಿ ವರ್ಷ ನಿಷೇಧ ಮುಗಿಯುವ ಹೊತ್ತಿಗೆ, ಕಡಲು ಅವಕಾಶ ಕೊಟ್ಟ ಕೂಡಲೇ ಅಳೆದು, ಸುರಕ್ಷಿತ ದಾರಿಗೆ ಬೋಯಾ (ತೇಲುವ ಗುರುತು) ಹಾಕಿ, ಆಳದ ನಕ್ಷೆಯನ್ನು ಕನ್ನಡದಲ್ಲಿ, ಬೋಟ್ ನಿಲ್ಲುವ ದಕ್ಕೆಯಲ್ಲೇ ಅಂಟಿಸಲಿ.

– ಓದುಗ, ಹೊನ್ನಾವರ